‘ನಾಳೆ ಬನ್ನಿ’ ಅಂದಳು ನನ್ನ ಮೊಮ್ಮಗಳು

ಮಕ್ಕಳೇ, ಈ ವಾರ ಕಪ್ಪೆಗಳ ಬಗ್ಗೆ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕಪ್ಪೆಗಳು ಇನ್ನೊಂದು ವಾರ ಕಾಯಲಿ, ಅವಕ್ಕೇನೂ ಅವಸರವಿಲ್ಲ. ನಮ್ಮ ಮನೆಯಲ್ಲೇ ಒಂದು ಸಂಗತಿ ನಡೆದಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮೊಮ್ಮಗಳು ಪುಟ್ಟಿ ಕುಂದಾಪುರದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಅವಳಿಗೆ ಬೇರೆ ಹೆಸರಿದೆ, ಇಪ್ಪತ್ತು ವರ್ಷವೂ ಆಗಿದೆ. ಆದರೆ ಮನೆಯಲ್ಲಿ ಇನ್ನೂ ಪುಟ್ಟಿಯೇ. ಕಾಲೇಜಿನವರು ಆರು ವಾರ ಎಲ್ಲಾದರೂ ಕೆಲಸ ಕಲಿತು ಬನ್ನಿ ಎಂದು ಕಳಿಸಿದರು. ಇದಕ್ಕೆ ಇಂಟರ್ನ್‌ಶಿಪ್ ಅನ್ನುತ್ತಾರೆ. ನಮ್ಮ ಕಾಲದಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಬಡಗಿಯ ಮಗ ಅಪ್ಪನ ಪಕ್ಕ ಕೂತು ಉಳಿ ಹಿಡಿಯುತ್ತಿದ್ದ, ಅಷ್ಟೇ. ಪುಟ್ಟಿಯ ಗೆಳತಿಯರು ಕೆಲವರು ಆಡಿಟರ್ ಕಚೇರಿಗೆ ಹೋದರು, ಒಬ್ಬಳು ಕಾರಿನ ಶೋರೂಮಿಗೆ ಹೋದಳು. ಪುಟ್ಟಿಗೆ ಸಿಕ್ಕಿದ್ದು ಸರಕಾರಿ ಬ್ಯಾಂಕಿನ ಒಂದು ಶಾಖೆ. ಯಾವ ಬ್ಯಾಂಕು, ಯಾವ ಶಾಖೆ ಎಂದು ಕೇಳಬೇಡಿ. ಎಲ್ಲ ಪೇಟೆಯಲ್ಲೂ ಅಂಥದ್ದೊಂದು ಇರುತ್ತದೆ. ಗೋಡೆಯ ಮೇಲೆ ಕ್ಯಾಲೆಂಡರು, ಮೂಲೆಯಲ್ಲಿ ನೀರಿನ ಫಿಲ್ಟರು, ದಾರ ಕಟ್ಟಿದ ಪೆನ್ನು.

ಮೊದಲ ದಿನವೇ ಅವಳ ಹತ್ತಿರ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇಲ್ಲಿ ಯಾರ ಲೆಕ್ಕ ಕಂಡರೂ ಹೊರಗೆ ಬಾಯಿ ಬಿಡುವಂತಿಲ್ಲ ಎಂದು. ಸಂಜೆ ನಾನು ಸುಮ್ಮನಿರಲಾರದೆ, “ನಮ್ಮ ಹಿಂದಿನ ಮನೆಯವರು ಬಂದಿದ್ದರಾ? ಚಿನ್ನ ಅಡವಿಡಲಿಕ್ಕಾ?” ಎಂದು ಕೇಳಿದೆ.

“ಹೇಳುವ ಹಾಗಿಲ್ಲ ಅಜ್ಜ.”

“ನಾನು ಯಾರಿಗೆ ಹೇಳುತ್ತೇನೆ ಮಾರಾಯ್ತಿ?”

“ಊರಿಗೆಲ್ಲ,” ಅಂದಳು ಅವಳ ಅಜ್ಜಿ ಅಡುಗೆಮನೆಯಿಂದ.

ಹೀಗಾಗಿ ಮುಂದೆ ಬರೆಯುವುದರಲ್ಲಿ ಯಾರ ಹೆಸರೂ ಇಲ್ಲ, ಊರೂ ಇಲ್ಲ. ಪುಟ್ಟಿ ನನಗೂ ಅವನ್ನು ಹೇಳಿಲ್ಲ.

ಮೊದಲ ವಾರ ಅವಳಿಗೆ ಬಹಳ ಬೇಜಾರಾಗಿತ್ತು. ಬ್ಯಾಂಕು ಎಂದರೆ ಕಂಪ್ಯೂಟರ್ ಮುಂದೆ ಕೂತು ಕೋಟಿ ಕೋಟಿ ಲೆಕ್ಕ ಮಾಡುವುದು ಎಂದುಕೊಂಡಿದ್ದಳು. ಕಲಿಯಲು ಬಂದವರಿಗೆ ಕಂಪ್ಯೂಟರಿನ ಪಾಸ್‌ವರ್ಡ್ ಕೊಡುವುದಿಲ್ಲ. ಕ್ಯಾಷಿಯರ್ ಕೂರುವ ಗೂಡಿನೊಳಗೆ ಕಾಲಿಡುವ ಹಾಗಿಲ್ಲ. ಬಾಗಿಲ ಹತ್ತಿರ ಒಂದು ಸ್ಟೂಲು, ಕೈಯಲ್ಲಿ ಒಂದು ಪೆನ್ನು. ಬಂದವರಿಗೆ ಚಲನ್ ತುಂಬಿಕೊಡುವುದು, ಪಾಸ್‌ಬುಕ್ ಮುದ್ರಿಸುವ ಯಂತ್ರದ ಹತ್ತಿರ ನಿಂತು ಸಹಾಯ ಮಾಡುವುದು, ಅಷ್ಟೇ ಕೆಲಸ. ಆ ಸ್ಟೂಲಿನ ಮೇಲೆ ಕೂತು ಅವಳು ಕಂಡದ್ದೇನೂ ಕಡಿಮೆಯಲ್ಲ. ಕನ್ನಡಕ ಮರೆತು ಬಂದವರು, ಕನ್ನಡಕ ಇದ್ದೂ ಓದಲು ಬಾರದವರು, ಹಣ ತೆಗೆಯುವ ಚೀಟಿಗೂ ಹಣ ಕಟ್ಟುವ ಚೀಟಿಗೂ ವ್ಯತ್ಯಾಸ ತಿಳಿಯದವರು. ಇವರ ಜೊತೆಗೆ, ಎಲ್ಲ ತಿಳಿದಿದ್ದೂ ಮಾತಾಡಲು ಯಾರಾದರೂ ಬೇಕು ಎಂದು ಬರುವವರು. ಈ ಕೊನೆಯ ಗುಂಪಿನಲ್ಲಿ ನನ್ನ ವಯಸ್ಸಿನವರೇ ಜಾಸ್ತಿಯಂತೆ.

ಮಕ್ಕಳಿಗೆ ಇಷ್ಟವಾಗುವ ಎರಡು ಸಂಗತಿ ಹೇಳುತ್ತೇನೆ. ಬ್ಯಾಂಕಿನ ಹಣದ ಕೋಣೆಗೆ ಎರಡು ಬೀಗದಕೈ ಬೇಕು, ಎರಡೂ ಒಬ್ಬರ ಹತ್ತಿರ ಇರುವುದಿಲ್ಲ. ಇಬ್ಬರೂ ಬಂದರೇನೇ ಬಾಗಿಲು ತೆರೆಯುವುದು. ಕಂಪ್ಯೂಟರಿನಲ್ಲೂ ಹೀಗೆಯೇ. ದೊಡ್ಡ ಮೊತ್ತವನ್ನು ಒಬ್ಬರು ಬರೆದರೆ ಸಾಲದು, ಇನ್ನೊಬ್ಬರು ನೋಡಿ ಒಪ್ಪಬೇಕು. ಯಾರ ಮೇಲೂ ಅನುಮಾನ ಇಲ್ಲವಂತೆ, ಎಲ್ಲರ ಮೇಲೂ ನಿಯಮ ಇದೆಯಂತೆ. ಇದು ಹೆಡ್ ಕ್ಯಾಷಿಯರ್ ಪುಟ್ಟಿಗೆ ಹೇಳಿದ ಮಾತು, ನನಗೆ ಹಿಡಿಸಿತು. ಇನ್ನೊಂದು ಸಂಗತಿ: ನಿಮಗೆ 10 ವರ್ಷ ತುಂಬಿದ್ದರೆ ನಿಮ್ಮ ಉಳಿತಾಯ ಖಾತೆಯನ್ನು ನೀವೇ ಸಹಿ ಹಾಕಿ ನಡೆಸಬಹುದು. ಎಷ್ಟು ಹಣದವರೆಗೆ ಎಂಬ ಮಿತಿಯನ್ನು ಬ್ಯಾಂಕು ಹಾಕುತ್ತದೆ. ಹುಟ್ಟುಹಬ್ಬಕ್ಕೆ ಮಾವ ಕೊಟ್ಟ ದುಡ್ಡು ಎಲ್ಲಿ ಹೋಯಿತು ಎಂದು ಅಮ್ಮನನ್ನು ಕೇಳುವ ಕಷ್ಟ ತಪ್ಪುತ್ತದೆ.

ಶಾಖೆಯ ಮ್ಯಾನೇಜರ್ ಒಡಿಶಾದ ಯುವಕ. ಅಧಿಕಾರಿಗಳ ನೇಮಕ ಇಡೀ ದೇಶಕ್ಕೆ ಒಂದೇ ಪರೀಕ್ಷೆಯಲ್ಲಿ ನಡೆಯುವುದರಿಂದ ಯಾರು ಎಲ್ಲಿಗೆ ಬೇಕಾದರೂ ಬರುತ್ತಾರೆ. ಗುಮಾಸ್ತರಿಗೆ ಮಾತ್ರ ಆಯಾ ರಾಜ್ಯದ ಭಾಷೆ ಬರಬೇಕು ಎಂಬ ನಿಯಮವಿದೆ. ಅವರು ಕಷ್ಟಪಟ್ಟು “ಕೂತ್ಕೊಳ್ಳಿ”, “ಆಧಾರ್ ತಂದಿದ್ದೀರಾ” ಕಲಿತಿದ್ದಾರೆ. ಆದರೆ ನಮ್ಮ ಘಟ್ಟದ ಬುಡದ ಹೆಂಗಸರು ಆಡುವ ಕುಂದಾಪುರ ಕನ್ನಡ ಮೈಸೂರಿನವರಿಗೇ ಅರ್ಥವಾಗುವುದಿಲ್ಲ, ಇನ್ನು ಅವರ ಗತಿ ಏನು? ಅದಕ್ಕೆ ಪುಟ್ಟಿ ದುಭಾಷಿಯೂ ಆದಳು. ನನ್ನನ್ನು ಕೇಳಿದರೆ, ಹಣ ಇಡಲು ಬರುವವರ ಮಾತು ತಿಳಿಯದೆ ಹಣ ಇಟ್ಟುಕೊಳ್ಳುವ ಕುರ್ಚಿಯಲ್ಲಿ ಕೂರುವುದು ಸರಿಯಲ್ಲ. ಹಾಗೆಂದು ಆ ಹುಡುಗನನ್ನು ಬೈದು ಏನು ಪ್ರಯೋಜನ, ಅವನೇನು ಕೇಳಿಕೊಂಡು ಇಲ್ಲಿಗೆ ಬಂದವನಲ್ಲ.

ಬ್ಯಾಂಕಿನ ಮಾತು ಬಂದಾಗ ನಮ್ಮ ಕರಾವಳಿಯವರು ಸ್ವಲ್ಪ ಎದೆ ಉಬ್ಬಿಸುತ್ತೇವೆ, ಕ್ಷಮಿಸಿ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕು ಶುರುಮಾಡಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ್ದು ಕಾರ್ಪೊರೇಷನ್ ಬ್ಯಾಂಕು. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕು ಬಂತು, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಎಂಬುದನ್ನು ಹುಟ್ಟುಹಾಕಿದರು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನಾನು ಮಾಸ್ತರಾದ ಮೇಲೆ ದಿನಕ್ಕೆ ಒಂದು ರೂಪಾಯಿಯ ಪಿಗ್ಮಿ ಕಟ್ಟುತ್ತಿದ್ದೆ. ಪಿಗ್ಮಿಯವರು ಮಧ್ಯಾಹ್ನ ಸೈಕಲ್ ಒರಗಿಸಿ ಶಾಲೆಯ ಜಗಲಿಯಲ್ಲಿ ಕೂತರೆ ನಾವು ಐದು ಜನ ಮಾಸ್ತರರು ಸಾಲಾಗಿ ನಿಲ್ಲುತ್ತಿದ್ದೆವು. ನನ್ನ ತಂಗಿಯ ಮದುವೆಯ ಸೀರೆ ಬಂದದ್ದು ಆ ದುಡ್ಡಿನಿಂದ. 1969ರ ಜುಲೈ 19ರಂದು ದೇಶದ 14 ಬ್ಯಾಂಕುಗಳನ್ನು ಸರಕಾರ ತನ್ನದಾಗಿಸಿಕೊಂಡಾಗ ಅದರಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರಲ್ಲಿ ಇನ್ನೂ ಆರು ಬ್ಯಾಂಕುಗಳು ಹೋದಾಗ ಆ ಆರರಲ್ಲಿ ಉಳಿದೆರಡೂ ಇದ್ದವು. ಈಗ ಆ ನಾಲ್ಕರಲ್ಲಿ ಹೆಸರು ಉಳಿದಿರುವುದು ಕೆನರಾ ಒಂದರದ್ದೇ. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ನನ್ನ ಪೆಟ್ಟಿಗೆಯಲ್ಲಿ ಹಳೆಯ ಪಿಗ್ಮಿ ಪುಸ್ತಕ ಒಂದು ಇನ್ನೂ ಇದೆ. ಏನೂ ಬಾಕಿಯಿಲ್ಲ, ಸುಮ್ಮನೆ ಇಟ್ಟುಕೊಂಡಿದ್ದೇನೆ.

ಸರಿ, ಮಾತು ಎಲ್ಲಿಗೋ ಹೋಯಿತು. ಪುಟ್ಟಿಯ ಎರಡನೇ ವಾರಕ್ಕೆ ಬರುತ್ತೇನೆ.

ಆ ದಿನ ಜೋರು ಮಳೆ. ಚೌತಿ ಕಳೆದಿತ್ತು, ಆದರೂ ಮಳೆ ಬಿಟ್ಟಿರಲಿಲ್ಲ. ಹನ್ನೊಂದೂವರೆ ಹೊತ್ತಿಗೆ ಒಬ್ಬ ಅಮ್ಮ ಬಂದರು. ಎಪ್ಪತ್ತರ ಹತ್ತಿರ ವಯಸ್ಸು, ಕೊಡೆಯಿಂದ ನೀರು ಇಳಿಯುತ್ತಿದೆ. ಪ್ಲಾಸ್ಟಿಕ್ ಕೊಟ್ಟೆಯೊಳಗೆ ಇನ್ನೊಂದು ಪ್ಲಾಸ್ಟಿಕ್ ಕೊಟ್ಟೆ, ಅದರೊಳಗೆ ಪಾಸ್‌ಬುಕ್.

“ಮಗಾ, ಇದ್ರಗೆ ಎಂತ ಇತ್ತ್ ಅಂದ್ ಕಾಂಬ್ಕಿತ್ತ್.”

ಪಾಸ್‌ಬುಕ್ ತಾನೇ ಮುದ್ರಿಸಿಕೊಳ್ಳುವ ಯಂತ್ರ ಶಾಖೆಯಲ್ಲಿದೆ. ಆದರೆ ಅದಕ್ಕೆ ಪುಸ್ತಕದ ಮೇಲೆ ಪಟ್ಟೆಪಟ್ಟೆಯ ಬಾರ್‌ಕೋಡ್ ಚೀಟಿ ಅಂಟಿಸಿರಬೇಕು. ಈ ಹಳೆಯ ಪುಸ್ತಕಕ್ಕೆ ಅದಿರಲಿಲ್ಲ. ಹಾಗಾದರೆ ಕೌಂಟರಿನ ಒಳಗಿರುವ ಪ್ರಿಂಟರಿನಲ್ಲೇ ಆಗಬೇಕು. ಆ ಪ್ರಿಂಟರ್ ಬೆಳಿಗ್ಗೆಯಿಂದ ಮಸುಕಾಗಿ ಹೊಡೆಯುತ್ತಿತ್ತು. ಅಟೆಂಡರ್ ಯಾರಿಗೋ “ಪ್ರಿಂಟರ್ ಹಾಳಾಗಿದೆ, ನಾಳೆ” ಎಂದು ಹೇಳಿದ್ದು ಪುಟ್ಟಿಯ ಕಿವಿಗೆ ಬಿದ್ದಿತ್ತು. ಅವಳ ಮುಂದೆ ಏಳೆಂಟು ಜನ ಚಲನ್ ಹಿಡಿದು ನಿಂತಿದ್ದರು.

“ಪ್ರಿಂಟರ್ ಹಾಳಾಗಿದೆ ಅಮ್ಮಾ, ನಾಳೆ ಬನ್ನಿ,” ಅಂದಳು.

ಆ ಅಮ್ಮ ಮರುಮಾತಾಡಲಿಲ್ಲ. “ಆಯ್ತ್ ಮಗಾ, ಬತ್ತೆ,” ಎಂದು ಪುಸ್ತಕವನ್ನು ಒಂದು ಕೊಟ್ಟೆಗೆ ಹಾಕಿ, ಅದನ್ನು ಇನ್ನೊಂದಕ್ಕೆ ಹಾಕಿ, ಗಂಟು ಬಿಗಿದು, ಮಳೆಗೆ ಇಳಿದರು.

ಹಾಳಾಗಿದ್ದದ್ದು ಪ್ರಿಂಟರ್ ಅಲ್ಲ, ಅದರ ರಿಬ್ಬನ್ ಮುಗಿದಿತ್ತು. ಹತ್ತು ನಿಮಿಷದಲ್ಲಿ ಹೊಸದು ಹಾಕಿದರು. ಅಧಿಕಾರಿ ಮೇಡಂ ಒಬ್ಬರು ತಲೆಯೆತ್ತಿ, “ಆಗ ಬಂದಿದ್ದ ಅಮ್ಮ ಎಲ್ಲಿ?” ಎಂದು ಕೇಳಿದರು.

“ನಾಳೆ ಬರಲು ಹೇಳಿದೆ ಮೇಡಂ.”

“ಯಾವ ಊರಿನವರು?”

ಪುಟ್ಟಿಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ. ಮೇಡಂ ಬೈಯಲಿಲ್ಲ, ಏನೂ ಹೇಳಲಿಲ್ಲ, ಮತ್ತೆ ಕೆಲಸಕ್ಕೆ ಬಗ್ಗಿದರು. ಪುಟ್ಟಿ ಬಸ್‌ಸ್ಟ್ಯಾಂಡಿನವರೆಗೆ ಓಡಿ ನೋಡಿ ಬಂದಳು. ಕೊಡೆಗಳೆಲ್ಲ ಕಪ್ಪೇ.

ಮರುದಿನ ಆ ಅಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ರಾತ್ರಿ ಪುಟ್ಟಿ ಊಟ ಸರಿಯಾಗಿ ಮಾಡಲಿಲ್ಲ. ಕೇಳಿದ್ದಕ್ಕೆ ಇಷ್ಟನ್ನೂ ಹೇಳಿ ಅತ್ತಳು. “ಒಂದು ಮಾತು ಒಳಗೆ ಹೋಗಿ ವಿಚಾರಿಸಿದ್ದರೆ ಆಗುತ್ತಿತ್ತು ಅಜ್ಜ. ಹತ್ತು ನಿಮಿಷ ಕೂತ್ಕೊಳ್ಳಿ ಅಂದಿದ್ದರೆ ಸಾಕಿತ್ತು.”

ಸಮಾಧಾನ ಮಾಡಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ನನಗೂ ಒಂದು ನೆನಪು ಬಂತು. ನಲವತ್ತು ವರ್ಷಕ್ಕೂ ಹಿಂದೆ ಒಬ್ಬರು ಮಗನ ವರ್ಗಾವಣೆ ಪತ್ರ ಕೇಳಿಕೊಂಡು ಘಟ್ಟದ ಕಡೆಯಿಂದ ನಡೆದು ಬಂದಿದ್ದರು. ಹೆಡ್‌ಮಾಸ್ತರು ರಜೆಯಲ್ಲಿದ್ದರು, ನಾನು ಅವರ ಜಾಗದಲ್ಲಿದ್ದೆ. ಅಂದು ನನಗೆ ಸಂಜೆ ತಾಳಮದ್ದಲೆಗೆ ಹೋಗುವ ಅವಸರ. “ನಾಳೆ ಬನ್ನಿ” ಅಂದೆ. ಕಪಾಟಿನ ಬೀಗದಕೈ ನನ್ನ ಕಿಸೆಯಲ್ಲೇ ಇತ್ತು. ಅವರು ಮತ್ತೆ ಬರಲೇ ಇಲ್ಲ. ಆ ಹುಡುಗ ಮುಂದೆ ಶಾಲೆಗೆ ಹೋದನೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಇದನ್ನು ಪುಟ್ಟಿಗೆ ಹೇಳಿದೆ. ಅವಳ ಅಜ್ಜಿಗೂ ಅಂದೇ ಮೊದಲು ಗೊತ್ತಾದದ್ದು.

ಆರನೇ ದಿನ ಆ ಅಮ್ಮ ಬಂದರು. ಎರಡು ಬಸ್ಸು ಬದಲಿಸಿ ಬರಬೇಕಂತೆ. ನಡುವೆ ಮೈಗೆ ಸ್ವಲ್ಪ ಹುಷಾರಿರಲಿಲ್ಲವಂತೆ. ಪುಟ್ಟಿ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮೇಡಂ ಎದುರಿನ ಕುರ್ಚಿಯಲ್ಲೇ ಕೂರಿಸಿದಳು.

ಆ ಪಾಸ್‌ಬುಕ್ ಅವರದ್ದಾಗಿರಲಿಲ್ಲ, ಮಗನದ್ದು. ನಮ್ಮ ಕಡೆಯ ಸಾವಿರಾರು ಜನರ ಹಾಗೆ ಅವನೂ ಬೆಂಗಳೂರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದವನು. ಮದುವೆಯಾಗಿರಲಿಲ್ಲ, ವಯಸ್ಸು ನಲವತ್ತರ ಒಳಗೆ. ಒಂದು ಬೆಳಿಗ್ಗೆ ಎದೆನೋವು ಎಂದನಂತೆ, ಆಸ್ಪತ್ರೆ ಮುಟ್ಟಲಿಲ್ಲ. ಹದಿಮೂರನೇ ದಿನದ ಕಾರ್ಯ ಮುಗಿದಿತ್ತು. ಹೋಟೆಲಿನವರು ಮರಣ ಪತ್ರ ಮಾಡಿಸಿ ಕಳಿಸಿದ್ದರು. ಅದೂ ಅದೇ ಕೊಟ್ಟೆಯೊಳಗಿತ್ತು. ಮೊದಲ ದಿನ ಪುಟ್ಟಿ ನೋಡಿದ್ದರೆ ಅಂದೇ ಕಾಣುತ್ತಿತ್ತು.

ಮೇಡಂ ಪತ್ರ ನೋಡಿದರು, ಖಾತೆಗೆ ನಾಮಿನಿ ಯಾರೆಂದು ನೋಡಿದರು. ತಾಯಿಯೇ. ಆಮೇಲೆ ಗುಮಾಸ್ತರು ಪುಸ್ತಕ ಮುದ್ರಿಸಿದರು. ಎರಡು ವರ್ಷದ ಲೆಕ್ಕ ಬಾಕಿಯಿತ್ತು, ಪುಟದ ಮೇಲೆ ಪುಟ ಹೊಡೆಯಿತು.

“ಓದಿ ಹೇಳ್ ಮಗಾ.”

ಪುಟ್ಟಿ ಪಕ್ಕದಲ್ಲಿ ಕೂತು ಮೆಲ್ಲಗೆ ಓದಿದಳು. ಪ್ರತಿ ತಿಂಗಳೂ ಹೋಟೆಲಿನಿಂದ ಸಂಬಳ ಬಂದಿದೆ. ಬಂದ ಎರಡೇ ದಿನಕ್ಕೆ ಅಮ್ಮನ ಖಾತೆಗೆ ಒಂದು ಮೊತ್ತ ಹೋಗಿದೆ. ಎಷ್ಟೆಂದು ಪುಟ್ಟಿ ನನಗೆ ಹೇಳಲಿಲ್ಲ. ಚೌತಿಯ ತಿಂಗಳು ಮಾತ್ರ ಸ್ವಲ್ಪ ಜಾಸ್ತಿಯಂತೆ. ಒಂದು ಮಳೆಗಾಲದಲ್ಲಿ ಎರಡು ತಿಂಗಳು ಸಂಬಳವೇ ಬಂದಿಲ್ಲ, ಆದರೆ ಅಮ್ಮನಿಗೆ ಹೋಗುವುದು ನಿಂತಿಲ್ಲ. ಅದನ್ನು ಓದಿದಾಗ ಆ ಅಮ್ಮ, “ಅದ್ ನಂಗೆ ಹೇಳ್ಲಿಲ್ಲ ಅಂವ,” ಅಂದರಂತೆ. ಅವರು ಅಳಲಿಲ್ಲ. ಪುಟ್ಟಿಗೇ ಅಕ್ಷರ ಮಂಜಾಯಿತು.

ಮೇ ತಿಂಗಳ ಸಾಲಿನಲ್ಲಿ 436 ರೂಪಾಯಿ ಕಳೆದಿತ್ತು. ಹಿಂದಿನ ವರ್ಷದ ಮೇಯಲ್ಲೂ 436. ಪಕ್ಕದಲ್ಲಿ ಪಿಎಂಜೆಜೆಬಿವೈ ಎಂದು ಯಾವುದೋ ಮಂತ್ರದ ಹಾಗೆ ಅಕ್ಷರಗಳು.

“ಇದೆಂತಕ್ ತೆಗ್ದದ್? ಬ್ಯಾಂಕಿನವ್ರ್ ಕಡ್ದದ್ದಾ?”

ಪುಟ್ಟಿಗೆ ಗೊತ್ತಿರಲಿಲ್ಲ. ಬ್ಯಾಂಕಿನ ಶುಲ್ಕ ಇರಬೇಕು ಅನ್ನಲು ಬಾಯಿ ತೆರೆದವಳು, ಹಾಗೇ ನಿಲ್ಲಿಸಿ, ಪುಸ್ತಕ ತೆಗೆದುಕೊಂಡು ಹೋಗಿ ಮೇಡಂಗೆ ತೋರಿಸಿದಳು. ಮೇಡಂ ಪೆನ್ನು ಕೆಳಗಿಟ್ಟರು.

ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ. 2015ರಲ್ಲಿ ಶುರುವಾದದ್ದು. 18ರಿಂದ 50 ವರ್ಷದವರು ಬ್ಯಾಂಕಿನಲ್ಲಿ ಒಮ್ಮೆ ಸಹಿ ಹಾಕಿದರೆ ಸಾಕು, ಪ್ರತಿವರ್ಷ ಮೇ ಕೊನೆಗೆ ಖಾತೆಯಿಂದ 436 ರೂಪಾಯಿ ತಾನಾಗಿ ಹೋಗುತ್ತದೆ. ಜೂನ್ 1ರಿಂದ ಮುಂದಿನ ಮೇ 31ರವರೆಗೆ ವಿಮೆ. ಆ ವ್ಯಕ್ತಿ ತೀರಿಕೊಂಡರೆ ನಾಮಿನಿಗೆ 2 ಲಕ್ಷ ರೂಪಾಯಿ. ಇದರ ತಮ್ಮನೊಂದು ಇದೆ, ಸುರಕ್ಷಾ ಬಿಮಾ ಯೋಜನೆ. ವರ್ಷಕ್ಕೆ 20 ರೂಪಾಯಿ, ಅಪಘಾತಕ್ಕೆ ಮಾತ್ರ. ಮಗ ಯಾವತ್ತೋ ಊರಿಗೆ ಬಂದಾಗ ಯಾರೋ ಹೇಳಿದರೆಂದು ಸಹಿ ಹಾಕಿರಬೇಕು. ಅಮ್ಮನಿಗೆ ಹೇಳಿರಲಿಲ್ಲ. ಅವನಿಗೇ ನೆನಪಿತ್ತೋ ಇಲ್ಲವೋ.

ಯಾರೂ ಕೇಳದಿದ್ದರೆ ಆ ಹಣ ತಾನಾಗಿ ಮನೆಗೆ ಬರುವುದಿಲ್ಲ. ಅರ್ಜಿ ತುಂಬಿ, ಮರಣ ಪತ್ರ ಸೇರಿಸಿ, ಬ್ಯಾಂಕಿನ ಮೂಲಕ ವಿಮಾ ಕಂಪನಿಗೆ ಹೋಗಬೇಕು. ಸಾಧ್ಯವಾದರೆ 30 ದಿನದೊಳಗೆ ಕೊಡಿ ಎನ್ನುತ್ತದೆ ನಿಯಮ. ಆ ಅಮ್ಮ ಬಂದದ್ದು ಖಾತೆ ಮುಚ್ಚಿ ಉಳಿದ ಅಷ್ಟಿಷ್ಟು ತೆಗೆದುಕೊಂಡು ಹೋಗಲು. ಎರಡನೇ ಸಲ ಬರದೇ ಹೋಗಿದ್ದರೆ? ಈ ಪ್ರಶ್ನೆಯನ್ನು ಪುಟ್ಟಿ ಆ ವಾರ ನನಗೆ ನಾಲ್ಕು ಸಲ ಕೇಳಿದ್ದಾಳೆ.

ಅರ್ಜಿಯನ್ನು ಅವಳೇ ತುಂಬಿದಳು, ಮೇಡಂ ಒಂದೊಂದು ಸಾಲೂ ನೋಡಿದರು. ಸಹಿಯ ಜಾಗದಲ್ಲಿ ಆ ಅಮ್ಮ ಹೆಬ್ಬೆಟ್ಟು ಒತ್ತಿದರು. ಮಳೆಗೆ ಬೆರಳು ನೆನೆದು ಸುಕ್ಕಾಗಿತ್ತು. ಸೆರಗಿನಲ್ಲಿ ಒರೆಸಿ, ಕಾಯಿಸಿ, ಮೂರನೇ ಸಲಕ್ಕೆ ಗುರುತು ಬಿತ್ತು. ಒಡಿಶಾದ ಮ್ಯಾನೇಜರು ತಾವೇ ಎದ್ದು ಬಂದು ಚಹಾ ತರಿಸಿ, “ಕೂತ್ಕೊಳ್ಳಿ ಅಮ್ಮಾ” ಅಂದರಂತೆ. ಅವರಿಗೆ ಬರುವ ಕನ್ನಡ ಅಂದು ಸಾಕಾಯಿತು.

ಈಗ ಒಂದು ಕೆಲಸ ಕೊಡುತ್ತೇನೆ, ಶಾಲೆಯ ಮನೆಗೆಲಸಕ್ಕಿಂತ ಸುಲಭದ್ದು. ಮಕ್ಕಳೇ, ಈ ಭಾನುವಾರ ಮನೆಯ ಪಾಸ್‌ಬುಕ್ಕುಗಳನ್ನೆಲ್ಲ ಅಜ್ಜ ಅಜ್ಜಿಯ ಎದುರು ಹರಡಿ ಕೂತುಕೊಳ್ಳಿ. ಮೇ ತಿಂಗಳ ಸಾಲಿನಲ್ಲಿ 436 ಅಥವಾ 20 ಇದೆಯೇ ಹುಡುಕಿ. ನಾಮಿನಿ ಯಾರೆಂದು ಕೇಳಿ, ಬರೆದಿಡಿ. ಗೆಳೆಯರೇ, ಅಂದರೆ ನನ್ನ ವಯಸ್ಸಿನವರೇ, ಎಷ್ಟೋ ವರ್ಷದಿಂದ ಮುಟ್ಟದ ಖಾತೆ ಇದ್ದರೆ ಅದನ್ನೂ ಹೊರತೆಗೆಯಿರಿ. ಎರಡು ವರ್ಷ ನಾವು ಏನೂ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಹಾಗೆಂದು ಅದು ಕಳೆದುಹೋಗುವುದಿಲ್ಲ, ಬ್ಯಾಂಕಿಗೆ ಹೋಗಿ ಕೇಳಿದರೆ ವಾಪಸು ಸಿಗುತ್ತದೆ. ಅಂಥ ಹಣ ಇದೆಯೇ ಎಂದು ಹೆಸರು ಕೊಟ್ಟು ಹುಡುಕಲು ರಿಸರ್ವ್ ಬ್ಯಾಂಕು ‘ಉದ್ಗಮ್’ ಎಂಬ ಜಾಲತಾಣವನ್ನೂ ಮಾಡಿದೆ. ಮೊಮ್ಮಕ್ಕಳ ಕೈಯಲ್ಲಿ ಫೋನು ಇದ್ದೇ ಇರುತ್ತದಲ್ಲ, ಒಂದು ದಿನ ಇದಕ್ಕೂ ಬಳಸಲಿ.

ಉಳಿದ ವಾರಗಳು ಬೇಗ ಕಳೆದವು. ಅಕ್ಟೋಬರ್ ಬಂದ ಮೇಲೆ 80 ದಾಟಿದ ಪಿಂಚಣಿದಾರರು ಜೀವಂತ ಇದ್ದೇವೆ ಎಂಬ ಪ್ರಮಾಣಪತ್ರ ಕೊಡಲು ಬಂದರು. ನಮ್ಮಂಥ ಎಳೆಯರ ಸರದಿ ನವೆಂಬರಿನಲ್ಲಿ. ಬೆರಳ ಗೆರೆ ಸವೆದವರಿಗೆ ಈಗ ಮುಖ ತೋರಿಸಿದರೆ ಫೋನೇ ಗುರುತು ಹಿಡಿಯುತ್ತದೆ. ಒಬ್ಬ ಅಜ್ಜಿ “ತಡಿ” ಎಂದು ಪುಟ್ಟಿಯ ಕೈಯಿಂದ ಬಾಚಣಿಗೆ ಇಸಿದುಕೊಂಡು, ತಲೆ ಬಾಚಿ, ಆಮೇಲೆ ಮುಖ ತೋರಿಸಿದರಂತೆ.

ಕಾಲೇಜಿಗೆ ನಲವತ್ತು ಪುಟದ ವರದಿ ಕೊಡಬೇಕಿತ್ತು. ಬ್ಯಾಂಕಿನ ಇತಿಹಾಸ, ಧ್ಯೇಯ, ಶಾಖೆಗಳ ಸಂಖ್ಯೆ, ಬಲ, ದೌರ್ಬಲ್ಯ. ನಾನು ಓದಿದೆ. “ಆ ಅಮ್ಮನ ವಿಷಯ ಎಲ್ಲಿ?” ಎಂದು ಕೇಳಿದರೆ, “ಅದಕ್ಕೆ ಅಧ್ಯಾಯ ಇಲ್ಲ ಅಜ್ಜ,” ಅಂದಳು. ಹಾಗಾದರೆ ನಾನು ಬರೆಯಲೇ ಎಂದೆ. ಸ್ವಲ್ಪ ಯೋಚಿಸಿ, “ನಾನು ಮಾಡಿದ್ದನ್ನು ಬಿಡಬೇಡಿ, ಅವರ ಹೆಸರು ಬೇಡ,” ಅಂದಳು.

ಮೊನ್ನೆ ಅವಳು ಮೇಡಂಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಕೂತು ಪೇಪರು ಓದುವ ಹಾಗೆ ನಟಿಸುತ್ತಿದ್ದೆ.

“ಮೇಡಂ, ಆ ಅಮ್ಮನ ದುಡ್ಡು ಬಂತಾ?”

“ಹೇಳುವ ಹಾಗಿಲ್ಲ ಮಗಾ. ಸಹಿ ಹಾಕಿದ್ದೀಯಲ್ಲ?”

ಪುಟ್ಟಿಯ ಮುಖ ಇಳಿಯಿತು. ಅಷ್ಟರಲ್ಲಿ ಆ ಕಡೆಯಿಂದ ಮೇಡಂ ನಕ್ಕ ಸದ್ದು ನನಗೂ ಕೇಳಿತು.

“ಈ ಕಡೆ ಬಂದಾಗ ಒಳಗೆ ಬಾ. ಸ್ಟೂಲಿನ ಹುಡುಗಿಗೆ ಕೊಡಿ ಅಂತ ಯಾರೋ ಒಂದು ಕಟ್ಟು ಹಲಸಿನ ಹಪ್ಪಳ ಇಟ್ಟು ಹೋಗಿದ್ದಾರೆ. ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿದೆ.”